ಹಾರ್ಲೆಮ್ ಕಂಡ ಕೌದಿ, ಅಳ್ನಾವರವೂ ಕಾಣಲಿ

ಕೌದಿ ನೋಡುವವರು ಮೊದಲು ಅದರ ಮೂಲೆ ನೋಡಬೇಕು. ಹಳಿಯಾಳ, ಕಲಘಟಗಿ, ಖಾನಾಪುರದ ಕಾಡಂಚಿನಲ್ಲಿ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಯ ಮೂಲೆಗಳಲ್ಲಿ ಬಣ್ಣದ ಬಟ್ಟೆ ಮಡಿಸಿ ಕೂರಿಸಿದ ಪುಟ್ಟ ತ್ರಿಕೋನಗಳಿರುತ್ತವೆ. ಅವರ ಮಾತಿನಲ್ಲಿ ಅದು ಫುಲ, ಹೂವು. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ಚಳಿ ತಡೆಯಲು ಆ ಹೂವು ಬೇಕಾಗಿಲ್ಲ, ಆದರೂ ಅದಿಲ್ಲದೆ ಕೆಲಸ ಮುಗಿಯಿತು ಎನ್ನುವುದಿಲ್ಲ. ಕೌದಿ ಬರೀ ಹೊದಿಕೆಯಲ್ಲ, ಕಲೆ ಎನ್ನಲು ನನಗೆ ಬೇರೆ ಸಾಕ್ಷಿ ಬೇಕಿಲ್ಲ.

ಮೂಲೆಯಿಂದ ಕಣ್ಣನ್ನು ಒಳಗೆ ತನ್ನಿ. ಹಳೆಯ ಸೀರೆಯೊಂದನ್ನು ಹಾಸಿ, ಸವೆದ ಬಟ್ಟೆಗಳ ತುಂಡುಗಳನ್ನು ಒಂದು ಮೂಲೆಯಿಂದ ಇಡುತ್ತ, ಅಂಚು ಹಿಡಿದು ಹೊಲಿಯುತ್ತ ಹೋಗುತ್ತಾರೆ. ಸುತ್ತಿನ ಮೇಲೆ ಸುತ್ತು ಒಳಕ್ಕೆ ಸರಿದು ಹೊಲಿಗೆ ಕೊನೆಗೆ ನಡುವಿಗೆ ಬರುತ್ತದೆ. ಪದರಗಳನ್ನೆಲ್ಲ ಹಿಡಿದಿಡುವ ಆ ಕೈಹೊಲಿಗೆಯ ಸಾಲುಗಳೇ ಬಟ್ಟೆಯ ಮೇಲೆ ಎರಡನೆಯ ಚಿತ್ರ ಬರೆಯುತ್ತವೆ. ಕೆಲವು ಕ್ರೈಸ್ತ ಸಿದ್ದಿಯರ ಕೌದಿಯಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಯರ ಕೌದಿಯಲ್ಲಿ ಅರ್ಧಚಂದ್ರ ಕಾಣುತ್ತದೆ. ಪೋರ್ಚುಗೀಸರು ಗುಲಾಮರಾಗಿ ಗೋವೆಗೆ ತಂದ ಆಫ್ರಿಕನ್ನರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟ ಹತ್ತಿ ಈ ಕಾಡು ಸೇರಿದರು. ಅವರ ಮೊಮ್ಮಕ್ಕಳ ಮೊಮ್ಮಕ್ಕಳಾದ ಸಿದ್ದಿಯರು ಇಲ್ಲಿಯ ಸೀರೆಯಲ್ಲಿ ಹೊಲಿದ ಕಲೆ ಇದು.

2011ರಲ್ಲಿ ಈ ಕೌದಿಗಳು ನ್ಯೂಯಾರ್ಕಿನ ಹಾರ್ಲೆಮ್ ತಲುಪಿದವು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಪ್ರಯತ್ನದಿಂದ ಅಲ್ಲಿಯ ಶಾಂಬರ್ಗ್ ಸೆಂಟರಿನಲ್ಲಿ ಅವುಗಳ ಪ್ರದರ್ಶನ ನಡೆಯಿತು. ಆ ಸಂಸ್ಥೆಯ ಹುಟ್ಟು ನಮಗೆ ಗೊತ್ತಿರಬೇಕು. ಅದು ಶುರುವಾದದ್ದು 135ನೇ ಬೀದಿಯ ಗ್ರಂಥಾಲಯದಲ್ಲಿ. ಕಪ್ಪು ಜನರ ಚರಿತ್ರೆಗೆಂದು 1925ರಲ್ಲಿ ಅಲ್ಲೊಂದು ವಿಭಾಗ ತೆರೆದರು. ಮರುವರ್ಷ ಆರ್ಟುರೊ ಶಾಂಬರ್ಗ್ ಎಂಬ ಸಂಗ್ರಾಹಕ ಕೂಡಿಸಿಟ್ಟಿದ್ದ ಪುಸ್ತಕ, ಹಸ್ತಪ್ರತಿ, ಚಿತ್ರಗಳು ಅಲ್ಲಿಗೆ ಬಂದವು. ಹೀಗೆ ಓಣಿಯ ಜನ ಪೇಪರು ಓದಲು ಬರುತ್ತಿದ್ದ ಜಾಗವೇ ತಮ್ಮ ಕಲೆಯನ್ನೂ ಚರಿತ್ರೆಯನ್ನೂ ನೋಡುವ ಜಾಗವಾಯಿತು.

ಅಂಥದೊಂದು ಜಾಗ ನಮ್ಮಲ್ಲೂ ಬೇಕು. ಅಲ್ಲಿ ಇಡಲು ವಸ್ತುಗಳಿಗೆ ಬರವಿಲ್ಲ. ಕಲಘಟಗಿಯ ಅರಗಿನ ಬಣ್ಣದ ತೊಟ್ಟಿಲ ಪಟ್ಟಿಕೆಗಳಲ್ಲಿ ರಾಮಾಯಣ, ಮಹಾಭಾರತದ ಪ್ರಸಂಗಗಳಿವೆ. ನವಲಗುಂದದ ಹೆಣ್ಣುಮಕ್ಕಳು ನಿಲುವು ಮಗ್ಗದಲ್ಲಿ ನೇಯುವ ಜಮಖಾನೆಯಲ್ಲಿ ನವಿಲಿದೆ, ಪಗಡೆ ಹಾಸಿದೆ. ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿದೆ. ಆದರೆ ತೊಟ್ಟಿಲು ಒಂದು ಮನೆಯ ಜಂತಿಗೆ, ಜಮಖಾನೆ ಇನ್ನೊಂದು ಮನೆಯ ಪಡಸಾಲೆಗೆ, ಕೌದಿ ಮತ್ತೊಂದು ಮನೆಯ ಹಾಸಿಗೆಗೆ. ಮೂರನ್ನೂ ಒಂದೇ ಕಡೆ ಇಟ್ಟು, ನೋಡು ಮಗಾ, ಇದು ನಮ್ಮ ಜಿಲ್ಲೆಯ ಕೈಕೆಲಸ ಎಂದು ಶಾಲೆಯ ಹುಡುಗನಿಗೆ ತೋರಿಸುವ ಕೋಣೆ ಊರೂರಿಗೆ ಬೇಕು.

ಹಳ್ಳಿಯ ಮಂದಿ ಇಂಥದ್ದನ್ನು ನೋಡಲು ಬರುವುದಿಲ್ಲ ಎನ್ನುವವರು ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಗೆ ಹೋಗಿ ಬರಲಿ. ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ಅಲ್ಲಿಯ ಉತ್ಸವ ರಾಕ್ ಗಾರ್ಡನ್‌ನಲ್ಲಿ ಹಳ್ಳಿಯ ಬದುಕನ್ನೇ ಆಳೆತ್ತರದ ಸಿಮೆಂಟ್ ಮೂರ್ತಿಗಳಾಗಿ ನಿಲ್ಲಿಸಿದರು. ಜನ ಮಕ್ಕಳು ಮರಿ ಕಟ್ಟಿಕೊಂಡು ಬರುತ್ತಾರೆ. ತಮ್ಮ ಬದುಕು ಕಂಡರೆ ಜನ ಬಂದೇ ಬರುತ್ತಾರೆ.

ಇಂಥ ಕೋಣೆ ತೆರೆಯಲು ಅಳ್ನಾವರದಂಥ ಊರು ಇನ್ನೊಂದಿಲ್ಲ. ಹುಬ್ಬಳ್ಳಿ–ಲೋಂಡಾ ರೈಲು ಮಾರ್ಗದಿಂದ ದಾಂಡೇಲಿ ಕಡೆಯ ಹಳಿ ಕವಲೊಡೆಯುವುದು ಇಲ್ಲೇ. ಬಯಲುಸೀಮೆ ಮುಗಿದು ಕಾಡು ಶುರುವಾಗುವುದೂ ಇಲ್ಲೇ. ಈಗ ತಾಲ್ಲೂಕು ಕೇಂದ್ರವೂ ಆಗಿದೆ. ಹೊಸ ಕಟ್ಟಡಕ್ಕೆ ಕಾಯುವುದು ಬೇಡ. ಗ್ರಂಥಾಲಯದ್ದೋ ಶಾಲೆಯದ್ದೋ ಬಿಸಿಲು ನೇರ ಬೀಳದ ಒಂದು ಗೋಡೆ ಸಾಕು, ಏಕೆಂದರೆ ಬಿಸಿಲಿಗೆ ಬಣ್ಣ ಹಾರುತ್ತದೆ. ಕೌದಿಗೆ ಮೊಳೆ ಹೊಡೆಯಬಾರದು. ಮೊಳೆ ತುಕ್ಕು ಹಿಡಿದರೆ ಕಲೆ ಹೋಗುವುದಿಲ್ಲ, ಭಾರಕ್ಕೆ ಬಟ್ಟೆಯೂ ಹರಿಯುತ್ತದೆ. ಹಿಂಬದಿಗೆ ಬಟ್ಟೆಯ ಪಟ್ಟಿ ಹೊಲಿದು ಬಿದಿರಿನ ಗಳ ತೂರಿಸಿದರೆ ಭಾರ ಸಮನಾಗಿ ಹಂಚಿಹೋಗುತ್ತದೆ. ಮೂರು ತಿಂಗಳಿಗೊಮ್ಮೆ ಬದಲಿಸಿ, ಮನೆಯವರಿಗೆ ಮರಳಿಸಿ, ಬೇರೆ ಮನೆಯದು ತನ್ನಿ. ಪಕ್ಕದಲ್ಲಿ ಹೊಲಿದವಳ ಹೆಸರು, ಅವಳ ಊರು ಇರಲೇಬೇಕು. ಹೆಸರಿಲ್ಲದೆ ತೂಗುಹಾಕಿದರೆ ಅದು ಅಂಗಡಿ ಸಾಮಾನಾಗುತ್ತದೆ.

ಪಟ್ಟಣ ಪಂಚಾಯಿತಿಯವರು, ಚಿತ್ರಕಲಾ ಶಿಕ್ಷಕರು, ಗ್ರಂಥಪಾಲಕರು ಒಮ್ಮೆ ಕೂತು ಮಾತಾಡಿ. ಕೌದಿ ಇದ್ದವರು ಒಂದು ದಿನದ ಮಟ್ಟಿಗಾದರೂ ತಂದುಕೊಡಿ. ಹಾರ್ಲೆಮ್ಮಿನವರು ನೋಡಿದ್ದನ್ನು ಅಳ್ನಾವರದ ಮಕ್ಕಳು ನೋಡಲು ಬೇಕಾದದ್ದು ಇಷ್ಟೇ.