ಕಂಬಿಯ ತೂತಿರುವ ಕಾರ್ಡು

ಹಳೆಯ ಅಂಚೆ ಕಾರ್ಡು ಕೂಡಿಡುವವರಲ್ಲಿ ಎರಡು ಪಂಗಡ. ಒಂದಕ್ಕೆ ಚಿತ್ರ ಬೇಕು: ಹಿಗಿನ್‌ಬಾಥಮ್ಸ್‌ನವರು ಅಚ್ಚು ಹಾಕಿಸಿದ ಬೆಂಗಳೂರು ದಂಡಿನ ನೋಟಗಳು, ರವಿವರ್ಮ ಪ್ರೆಸ್ಸಿನ ದೇವತೆಗಳು. ಇನ್ನೊಂದಕ್ಕೆ ಮುದ್ರೆ ಬೇಕು. 1889ರಲ್ಲಿ ಬ್ರಿಟಿಷ್ ಅಂಚೆಯೊಳಗೆ ಸೇರಿಹೋದ ಮೈಸೂರು ಅಂಚೆಯ ಗುರುತೇನಾದರೂ ಸಿಕ್ಕರೆ ಅವರಿಗೆ ಹಬ್ಬ. ಬರವಣಿಗೆಯನ್ನು ಇಬ್ಬರೂ ಸಹಿಸಿಕೊಳ್ಳುತ್ತಾರೆ, ಓದುವುದಿಲ್ಲ. ಚಿತ್ರವಿಲ್ಲದ, ಎರಡೂ ಮಗ್ಗುಲು ಗೀಚಿದ, ಕಾಗದ ಚುಚ್ಚುವ ಕಂಬಿಯಿಂದ ನಡುವೆ ತೂತಾದ ಕಾರ್ಡು ರದ್ದಿಯ ಲೆಕ್ಕಕ್ಕೆ ಹೋಗುತ್ತದೆ. ನನ್ನ ಮಟ್ಟಿಗೆ ಸಂಗ್ರಹಕ್ಕೆ ಮೊದಲು ಸೇರಬೇಕಾದದ್ದು ಅದೇ. ಆ ತೂತು ಒಂದು ಸಾಕ್ಷಿ: ಈ ಕಾಗದ ಬಂತು, ಯಾರೋ ಓದಿದರು, ಎಸೆಯದೆ ಇಟ್ಟುಕೊಂಡರು.

ಭಾರತದಲ್ಲಿ ಕಾರ್ಡು ಚಲಾವಣೆಗೆ ಬಂದದ್ದು 1879ರ ಜುಲೈ 1ರಂದು, ಕಾಲಾಣೆ ಬೆಲೆಗೆ. ಲಕೋಟೆಗೆ ಆಗ ಅರ್ಧಾಣೆ. ಅರ್ಧಕ್ಕರ್ಧ ದುಡ್ಡು ಉಳಿಯುತ್ತಿತ್ತು, ಗುಟ್ಟು ಮಾತ್ರ ಉಳಿಯುತ್ತಿರಲಿಲ್ಲ. ಅಂಚೆಯವನು ದಾರಿಯಲ್ಲೇ ಓದಬಹುದು. ಓದು ಬರೆಹ ಬಾರದ ಮನೆಗಳಲ್ಲಿ ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಓದಿ ಹೇಳುವವನೂ ಅವನೇ, ಇಲ್ಲವೇ ಶಾಲೆಯ ಮೇಷ್ಟರು. ಬರೆಯುವವರಿಗೆ ಇದೆಲ್ಲ ಗೊತ್ತಿತ್ತು. ಹಾಗಾಗಿ ಕಾರ್ಡಿನ ಒಂದೊಂದು ಸಾಲಿಗೂ ಇಬ್ಬರು ಓದುಗರು: ವಿಳಾಸದಲ್ಲಿರುವವರು ಒಬ್ಬರು, ಕಿವಿಗೊಟ್ಟು ಕೂತ ಊರು ಇನ್ನೊಂದು. ಸಾಲದ ಮಾತು ‘ತಮಗೆ ತಿಳಿದ ವಿಷಯ’ವಾಗುತ್ತದೆ, ಮಗಳ ಸಂಕಟ ‘ಮಿಕ್ಕದ್ದು ಮುಖತಃ’ ಎಂಬಲ್ಲಿಗೆ ನಿಲ್ಲುತ್ತದೆ. ಲಕೋಟೆಯೊಳಗಿನ ಕಾಗದದಲ್ಲಿ ಮನಸ್ಸು ಬಿಚ್ಚಿ ಬರೆದದ್ದು ಸಿಕ್ಕೀತು. ಆದರೆ ಎಲ್ಲರೆದುರು ಎಷ್ಟು ಆಡಬಹುದು, ಎಷ್ಟನ್ನು ನುಂಗಬೇಕು ಎಂಬ ಒಂದು ಕಾಲದ ಎಣಿಕೆ ಕಾರ್ಡಿನಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆ ಕಡೆ ಕಾಣದು.

ಎಲ್ಲ ಕಾರ್ಡೂ ಒಂದೇ ರಾಗ ಎನ್ನುವ ಆಕ್ಷೇಪವಿದೆ. ಮೇಲೆ ‘ಶ್ರೀ’, ಆಮೇಲೆ ತೀರ್ಥರೂಪರಿಗೆ ಸಾಷ್ಟಾಂಗ ನಮಸ್ಕಾರ, ಉಭಯ ಕುಶಲೋಪರಿ, ಮಳೆ ಬೆಳೆ, ಕೊನೆಗೆ ಮಕ್ಕಳಿಗೆ ಆಶೀರ್ವಾದ, ಇದರಲ್ಲಿ ಓದುವುದೇನಿದೆ? ಒಂದೇ ಕಾರ್ಡು ಕೈಯಲ್ಲಿದ್ದರೆ ಈ ಮಾತು ಒಪ್ಪಲೇಬೇಕು. ಒಂದು ಮನೆಯ ಇಪ್ಪತ್ತು ಮೂವತ್ತು ಕಾರ್ಡು ವರುಷದ ಕ್ರಮದಲ್ಲಿ ಜೋಡಿಸಿ ನೋಡಿ. ಒಕ್ಕಣೆ ಯಾವತ್ತೂ ಒಂದೇ ಆಗಿರುವುದರಿಂದಲೇ ಅದು ತಪ್ಪಿದ ದಿನ ಎದ್ದು ಕಾಣುತ್ತದೆ. ಕುಶಲ ಕೇಳದೆ ನೇರ ವಿಷಯಕ್ಕೆ ಬಂದ ಕಾರ್ಡು, ನಮಸ್ಕಾರಗಳ ಪಟ್ಟಿಯಿಂದ ಒಂದು ಹೆಸರು ಬಿಟ್ಟುಹೋದ ಕಾರ್ಡು, ‘ಇದನ್ನೇ ತಂತಿ ಎಂದು ತಿಳಿದು ಹೊರಟು ಬರುವುದು’ ಎಂದು ಮುಗಿದ ಕಾರ್ಡು. ವ್ಯಾಪಾರಿಗಳು ಕಟ್ಟು ಬಿಚ್ಚಿ, ಒಂದೊಂದನ್ನೇ ಪ್ಲಾಸ್ಟಿಕ್ ಕವರಿಗೆ ಹಾಕಿ ಮಾರುವುದನ್ನು ನಾನು ಒಪ್ಪದಿರುವುದು ಇದಕ್ಕೇ. ಕೊಳ್ಳುವುದಾದರೆ ಕಂಬಿ ಸಮೇತ ಕೊಳ್ಳಿ. ಪಿನ್ ಕೋಡ್ ಇಲ್ಲದ್ದೆಲ್ಲ 1972ಕ್ಕಿಂತ ಹಿಂದಿನದು ಎಂಬ ಮಾರಾಟದ ಮಾತನ್ನೂ ನಂಬಬೇಡಿ. ಆ ವರ್ಷದ ಆಗಸ್ಟ್ 15ರಂದು ಪಿನ್ ಬಂದ ಮಾತ್ರಕ್ಕೆ ಜನ ಅದನ್ನು ಬರೆಯತೊಡಗಲಿಲ್ಲ. ಮುದ್ರೆಯ ತಾರೀಖನ್ನೇ ನೋಡಿ. ಅಷ್ಟರ ಮಟ್ಟಿಗೆ ಮುದ್ರೆಯ ಪಂಗಡದವರಿಗೆ ನಾನೂ ಋಣಿ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದು: ಉಳಿದುಬಂದದ್ದು ಬದುಕಿನ ಸರಿಯಾದ ಮಾದರಿಯಲ್ಲ. ನಿಜ. ಮೂಲೆಗೆ ಅರಿಸಿನ ಹಚ್ಚಿದ ಮದುವೆಯ ಕಾರ್ಡು ಕಂಬಿಯಲ್ಲಿ ಉಳಿಯಿತು. ಸಾವಿನ ಸುದ್ದಿ ಹೊತ್ತದ್ದನ್ನು ಓದಿದೊಡನೆ ಹರಿದು ಹಾಕುವ ರೂಢಿ ಹಲವು ಮನೆಗಳಲ್ಲಿತ್ತು. ಹೀಗಾಗಿ ಕಟ್ಟನ್ನೇ ನಂಬಿದರೆ ಆ ಮನೆಯಲ್ಲಿ ಯಾರೂ ಸತ್ತೇ ಇಲ್ಲ ಎನಿಸುತ್ತದೆ. ಆದರೂ ಸಾವು ಬೇರೆ ದಾರಿಯಿಂದ ಒಳಗೆ ಬಂದಿರುತ್ತದೆ: ತಿಂಗಳು ಕಳೆದು ವೈಕುಂಠ ಸಮಾರಾಧನೆಯ ಖರ್ಚಿನ ಲೆಕ್ಕವಾಗಿ, ‘ಸೌ’ ಎಂದಿದ್ದ ಕಡೆ ಬರಿಯ ಹೆಸರಾಗಿ. ಇನ್ನು ಪರರ ಪತ್ರ ಓದುವುದು ಸರಿಯೇ ಎಂಬ ಪ್ರಶ್ನೆ. ತೆರೆದ ಕಾರ್ಡಲ್ಲವೇ ಎಂಬ ಸಮಜಾಯಿಷಿ ನನಗೆ ಸಾಲದು. ಅವರು ಅಂಜಿದ್ದು ತಮ್ಮೂರ ಕಿವಿಗೆ. ಅಪರಿಚಿತರ ಸಂತೆಗೆ ಬರುತ್ತದೆಂದು ಯಾರೂ ಬರೆಯಲಿಲ್ಲ. ಓದೋಣ. ಪ್ರದರ್ಶನಕ್ಕೆ ಇಡುವಾಗ, ಅಚ್ಚಿಗೆ ಕೊಡುವಾಗ ಹೆಸರು, ವಿಳಾಸ ಮುಚ್ಚೋಣ. ಆ ಮನೆಯವರು ಯಾರಾದರೂ ಹುಡುಕಿಕೊಂಡು ಬಂದು ಕೇಳಿದರೆ ಇಡೀ ಕಟ್ಟನ್ನು, ಬೆಲೆಯ ಮಾತೆತ್ತದೆ, ಕೊಟ್ಟುಬಿಡಬೇಕು.