‘ಜನಪದರು ಹೇಳುವಂತೆ’: ಸುರಪುರ ಸೀಮೆಯ ಜಾನಪದ ಲೇಖನಗಳಲ್ಲಿ ಆಕರದ ಪ್ರಶ್ನೆ

ಯಾದಗಿರಿ, ಶಹಾಪುರ, ಸುರಪುರ ಪರಿಸರವನ್ನು ಕುರಿತ ಜಾನಪದ ಲೇಖನಗಳಲ್ಲಿ ‘ಜನಪದರು ಹೇಳುವಂತೆ’ ಎಂಬ ಮಾತು ಪದೇ ಪದೇ ಬರುತ್ತದೆ. ಯಾವ ಊರಿನವರು, ಯಾವಾಗ, ಯಾರ ಮುಂದೆ ಹೇಳಿದರು ಎಂಬುದಕ್ಕೆ ಅನೇಕ ಲೇಖನಗಳಲ್ಲಿ ಉತ್ತರವಿರುವುದಿಲ್ಲ. ಮುದ್ರಿತ ಗ್ರಂಥದಿಂದ ಒಂದು ವಾಕ್ಯ ಪಡೆದರೂ ಅಡಿಟಿಪ್ಪಣಿ ಕೊಡುವ ಸಂಶೋಧಕರು ಇಡೀ ರಾತ್ರಿ ಹಾಡಿದ ಹಾಡುಗಾರ್ತಿಯ ಹೆಸರನ್ನು ಕೈಬಿಡುವುದುಂಟು.

ಇದು ಕೇವಲ ಸೌಜನ್ಯದ ಲೋಪವಲ್ಲ. ರಾಜನಕೋಳೂರಿನ ಬೃಹತ್ ಶಿಲಾಸಮಾಧಿಗಳ ವಿಷಯವನ್ನೇ ನೋಡಬಹುದು. ಸುರಪುರ ಸಂಸ್ಥಾನದ ಆಡಳಿತದ ಹೊಣೆ ಹೊತ್ತಿದ್ದ ಮೆಡೋಸ್ ಟೇಲರ್ 1850ರ ದಶಕದಲ್ಲಿ ಇವುಗಳ ವಿವರ ಪ್ರಕಟಿಸಿದನು. ಸ್ಥಳೀಯರು ಇವನ್ನು ಮೋರಿಯರ ಮನೆಗಳೆಂದು ಕರೆಯುವುದನ್ನೂ ಅವನು ದಾಖಲಿಸಿದ್ದಾನೆ. ಇಂದಿನ ಲೇಖಕರು ಅದೇ ಹೆಸರನ್ನು ‘ಜನರ ನಂಬಿಕೆ’ ಎಂದಷ್ಟೇ ಬರೆದರೆ, ಅದು ಕ್ಷೇತ್ರಕಾರ್ಯದಲ್ಲಿ ಕೇಳಿದ್ದೋ ಟೇಲರನಿಂದ ಪಡೆದದ್ದೋ ತಿಳಿಯದು. ಕೇಳಿದ್ದಾದರೆ ಅದು ನೂರೈವತ್ತು ವರ್ಷಗಳನ್ನು ಮೀರಿ ಉಳಿದ ಸ್ಮೃತಿ. ಪಡೆದದ್ದಾದರೆ ಅಧಿಕಾರಿಯೊಬ್ಬನ ಟಿಪ್ಪಣಿಯ ಮರುಮುದ್ರಣ ಮಾತ್ರ.

1858ರಲ್ಲಿ ಮಡಿದ ರಾಜಾ ವೆಂಕಟಪ್ಪನಾಯಕನ ವಿಷಯದಲ್ಲಿ ತೊಡಕು ಇನ್ನೂ ಗಾಢವಾಗಿದೆ. ಅರಸನು ತನ್ನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನೆಂಬ ಮಾತು 1877ರಲ್ಲಿ ಪ್ರಕಟವಾದ ಟೇಲರನ ಆತ್ಮಕಥೆಯಲ್ಲಿದೆ. ಅರಸನನ್ನು ಸೆರೆಹಿಡಿದ ಪ್ರಭುತ್ವದ ಸೇವೆಯಲ್ಲಿದ್ದವನ ಮಾತಿದು. ಆಕರ ಹೇಳದೆ ಇದನ್ನು ಜನಪದ ಸ್ಮೃತಿಯೆಂದು ಮಂಡಿಸಿದಾಗ ಆಳುವವನ ದನಿಯೇ ಆಳಿಸಿಕೊಂಡವರ ದನಿಯಾಗಿಬಿಡುತ್ತದೆ. ಪುಸ್ತಕದ ಕಥೆ ನಾಟಕ, ಭಾಷಣ, ಪಠ್ಯಗಳ ಮೂಲಕ ಹಾಡುಗಾರರನ್ನು ತಲುಪಿರುವ ಸಾಧ್ಯತೆಯೂ ಇದೆ. ಅದು ಜಾನಪದವಲ್ಲವೆಂದು ತಳ್ಳಿಹಾಕುವಂತಿಲ್ಲ. ವಕ್ತೃವು ಅದನ್ನು ಯಾರಿಂದ ಕಲಿತರೆಂದು ಕೇಳಿ ಬರೆದುಕೊಂಡರೆ ಆ ಪಯಣವೇ ಅಧ್ಯಯನದ ವಸ್ತುವಾಗಬಲ್ಲದು.

ವಕ್ತೃವಿನ ಹೆಸರು, ವಯಸ್ಸು, ಕಸುಬು, ಊರು, ಸಂಗ್ರಹದ ದಿನ, ಸಂದರ್ಭ ಇಷ್ಟಾದರೂ ದಾಖಲಾಗಬೇಕು. ಹೆಸರು ಬೇಡವೆಂದವರ ಇಚ್ಛೆಯನ್ನು ಮನ್ನಿಸಿ, ಅವರು ಒಪ್ಪಿದ ವಿವರಗಳನ್ನಷ್ಟೇ ಕೊಡುವುದು ಸರಿ. ಊರಿನ ಉಲ್ಲೇಖದಲ್ಲೂ ಎಚ್ಚರ ಅಗತ್ಯ: ಯಾದಗಿರಿ ಜಿಲ್ಲೆಯಾದದ್ದು 2009ರ ಕೊನೆಯಲ್ಲಿ. ಅದಕ್ಕೂ ಹಿಂದಿನ ಸಂಗ್ರಹಗಳಲ್ಲಿರುವ ‘ಗುಲ್ಬರ್ಗಾ ಜಿಲ್ಲೆ’ ಎಂಬುದನ್ನು ತಿದ್ದದೆ ಹಾಗೆಯೇ ಉಳಿಸಿ, ಈಗಿನ ಜಿಲ್ಲೆಯ ಹೆಸರನ್ನು ಅದರ ಪಕ್ಕದಲ್ಲಿ ಕೊಡಬೇಕು. ಇಲ್ಲವಾದರೆ ಗ್ರಂಥಾಲಯದಲ್ಲಿ ಮೂಲವನ್ನು ಹುಡುಕುವವರಿಗೆ ಅದು ಸಿಗುವುದಿಲ್ಲ.