ಅಂಕಿ ಒಂದೇ, ಬಿಳಿ ಎರಡು

ಮದುವೆ ಆಲ್ಬಮ್ ಸಿದ್ಧಪಡಿಸುವ ಮೇಜಿನ ಮೇಲೆ ಈಗ ಸಾಮಾನ್ಯವಾಗಿ ಎರಡು ಮಾನಿಟರ್‌ಗಳಿರುತ್ತವೆ. ಒಂದರಲ್ಲಿ ತಿದ್ದುತ್ತಿರುವ ಫೋಟೊ, ಇನ್ನೊಂದರಲ್ಲಿ ಆಲ್ಬಮ್‌ನ ಪುಟಗಳು. ಫೋಟೊವನ್ನು ಅಲ್ಲಿಂದ ಇಲ್ಲಿಗೆ ಎಳೆದರೆ ಧಾರೆ ಸೀರೆಯ ಅರಿಶಿನ ಬಣ್ಣ ಹಸಿರಿಗೆ ತಿರುಗುತ್ತದೆ. ಮದುಮಗಳ ಮುಖ ಒಂದು ಕಡೆ ಕೆಂಪಗೆ, ಇನ್ನೊಂದು ಕಡೆ ಬಿಳಚಿಕೊಂಡು ಕಾಣುತ್ತದೆ. ಕಲರಿಮೀಟರ್ ಎಂಬ ಬಣ್ಣ ಮಾಪಕ ತಂದು ಎರಡನ್ನೂ ಕ್ಯಾಲಿಬ್ರೇಟ್ ಮಾಡಿ ಎನ್ನುವುದು ಇದಕ್ಕೆ ಎಲ್ಲರೂ ಕೊಡುವ ಸಲಹೆ. ಸಲಹೆ ಸರಿಯಾದದ್ದೇ, ಆದರೆ ಅರ್ಧ ದಾರಿಯದು. ಒಂದೇ ಮಾನಿಟರನ್ನು ಸರಿಪಡಿಸಲು ಅಂಕಿ ಸಾಕು. ಅಕ್ಕಪಕ್ಕದಲ್ಲಿ ಕುಳಿತ ಎರಡನ್ನು ಹೊಂದಿಸುವಾಗ ಗುರಿಯನ್ನು ಕಣ್ಣು ನಿಶ್ಚಯಿಸಬೇಕು, ಆ ಗುರಿಯನ್ನು ಮಾಪಕ ಕಾಯಬೇಕು. ಈಗಿನ ರೂಢಿ ಈ ಮೊದಲರ್ಧವನ್ನು ಬಿಟ್ಟುಬಿಟ್ಟಿದೆ.

ರೂಢಿಯ ಬಲವನ್ನು ಮೊದಲು ಒಪ್ಪಬೇಕು. ಮಾಪಕವನ್ನು ಪರದೆಗೆ ತೂಗುಹಾಕಿದರೆ ತಂತ್ರಾಂಶ ಒಂದಾದ ಮೇಲೊಂದು ಬಣ್ಣ ತೋರಿಸಿ ಅಳೆಯುತ್ತದೆ. ಬಿಳಿಯನ್ನು ಡಿ65 ಎಂಬ ಮಾನಕಕ್ಕೆ, ನಡುಛಾಯೆಗಳ ಹೊಳಪನ್ನು ನಿರ್ಧರಿಸುವ ಗಾಮಾವನ್ನು 2.2ಕ್ಕೆ, ಹೊಳಪನ್ನು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ ನಡುವಿನ ಯಾವುದಾದರೊಂದು ಮಟ್ಟಕ್ಕೆ ತರುತ್ತದೆ. ಇದು ಕ್ಯಾಲಿಬ್ರೇಶನ್. ಆಮೇಲೆ ಆ ಪರದೆಯ ಸ್ವಭಾವವನ್ನು ಒಂದು ಫೈಲಿನಲ್ಲಿ ಬರೆದಿಡುತ್ತದೆ. ಅದು ಪ್ರೊಫೈಲ್, ಇದರ ನಮೂನೆ 1993ರಲ್ಲಿ ಹುಟ್ಟಿದ, ಬಣ್ಣ ನಿರ್ವಹಣೆಯ ಮಾನಕ ರೂಪಿಸುವ ಐಸಿಸಿ ಒಕ್ಕೂಟದ್ದು. ಇವೆರಡರ ವ್ಯತ್ಯಾಸ ತಿಳಿಯದೆ ಎಷ್ಟೋ ಜನ ನಿರಾಶರಾಗುತ್ತಾರೆ. ಕ್ಯಾಲಿಬ್ರೇಶನ್ ಇಡೀ ಪರದೆಗೆ ಅನ್ವಯಿಸುತ್ತದೆ. ಪ್ರೊಫೈಲನ್ನು ಓದುವುದು ಫೋಟೊಶಾಪ್‌ನಂಥ ಬಣ್ಣ ನಿರ್ವಹಣೆ ಬಲ್ಲ ತಂತ್ರಾಂಶಗಳು ಮಾತ್ರ. ಒಂದು ಮಾನಿಟರ್ ಎಸ್‌ಆರ್‌ಜಿಬಿ ಎಂಬ ಕಿರಿದಾದ ಬಣ್ಣ ವ್ಯಾಪ್ತಿಯದು, ಇನ್ನೊಂದು ಅಡೋಬಿ ಆರ್‌ಜಿಬಿಯಷ್ಟು ವಿಶಾಲ ವ್ಯಾಪ್ತಿಯದು ಎಂದುಕೊಳ್ಳಿ. ವಿಂಡೋಸ್‌ನ ವಾಲ್‌ಪೇಪರ್ ಎರಡರಲ್ಲೂ ಸಾಮಾನ್ಯವಾಗಿ ಒಂದೇ ರೀತಿ ಕಾಣುವುದಿಲ್ಲ. ವಿಶಾಲ ಪರದೆಯಲ್ಲಿ ಕುಂಕುಮದ ಕೆಂಪು ಕಣ್ಣಿಗೆ ಹೊಡೆಯುತ್ತದೆ. ವಾಲ್‌ಪೇಪರ್ ನೋಡಿ ಕ್ಯಾಲಿಬ್ರೇಶನ್ ಕೆಟ್ಟಿದೆ ಎನ್ನುವುದು ತಪ್ಪು ತೀರ್ಪು.

ನಿಜವಾದ ತೊಡಕು ಬೇರೆ ಕಡೆ ಇದೆ. ಎರಡೂ ಪರದೆಗಳ ಬಿಳಿ ಡಿ65ಕ್ಕೇ ಬಂದು ಕೂತಿದೆ ಎಂದು ಮಾಪಕ ಹೇಳುತ್ತದೆ. ಬಣ್ಣದ ನಕ್ಷೆಯಲ್ಲಿ ಅದರ ಸ್ಥಾನ ಹೇಳುವ ಅಂಕಿ ಎರಡರಲ್ಲೂ 0.3127, 0.3290. ಆದರೂ ಒಂದು ಬಿಳಿ ಗುಲಾಬಿ, ಇನ್ನೊಂದು ತುಸು ಹಸಿರು. ಇಂಥ ಹೊತ್ತಿನಲ್ಲಿ ಕೇಳಿಬರುವ ಮಾತು, ‘ಅಂಕಿಯನ್ನು ನಂಬಿ, ಕಣ್ಣಿಗೆ ಅಭ್ಯಾಸವಾಗುತ್ತದೆ’ ಎಂಬುದು. ಇದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಕಣ್ಣು ಕಂಡದ್ದು ಇಲ್ಲಿ ಸತ್ಯ; ಅಂಕಿಯ ಬೇರು ಎಲ್ಲಿದೆ ಎಂದು ಹುಡುಕಿದರೆ ಅದು ಗೊತ್ತಾಗುತ್ತದೆ.

ಆ ಅಂಕಿಗಳು ಬಂದದ್ದು ಬೆಳಕು, ಬಣ್ಣಗಳ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯಾದ ಸಿಐಇ 1931ರಲ್ಲಿ ಒಪ್ಪಿಕೊಂಡ ‘ಪ್ರಮಾಣಿತ ವೀಕ್ಷಕ’ನಿಂದ. ಇಂಗ್ಲೆಂಡಿನಲ್ಲಿ ಡೇವಿಡ್ ರೈಟ್ 10 ಜನರ ಮೇಲೂ ಜಾನ್ ಗಿಲ್ಡ್ 7 ಜನರ ಮೇಲೂ ನಡೆಸಿದ ಪ್ರಯೋಗಗಳ ಸರಾಸರಿಯೇ ಈ ವೀಕ್ಷಕ. ಆ ಜನ ನೋಡಿದ್ದು 2 ಡಿಗ್ರಿಯಷ್ಟು ಸಣ್ಣ ಬೆಳಕಿನ ಚುಕ್ಕೆಯನ್ನು, ತೋಳು ಚಾಚಿದಾಗ ಹೆಬ್ಬೆರಳಿನ ಉಗುರು ಕಾಣುವಷ್ಟರದು. ನಮ್ಮ ಮುಂದಿರುವ ಪರದೆ ಅದರ ಎಷ್ಟೋ ಪಟ್ಟು ದೊಡ್ಡದು. ಸಾಲದ್ದಕ್ಕೆ ಆ ಸರಾಸರಿ ನೀಲಿಯ ತುದಿಯಲ್ಲಿ ದೋಷಪೂರಿತವಾಗಿತ್ತು. ಅಮೆರಿಕದ ಡೀನ್ ಜಡ್ 1951ರಲ್ಲೇ ಅದಕ್ಕೆ ತಿದ್ದುಪಡಿ ಸೂಚಿಸಿದರು. ಮಾನಕ ಮಾತ್ರ ಹಾಗೆಯೇ ಉಳಿಯಿತು.

ಒಂದೇ ತರಹದ ಬ್ಯಾಕ್‌ಲೈಟ್ ಇರುವ ಎರಡು ಮಾನಿಟರ್‌ಗಳಲ್ಲಿ ಈ ದೋಷ ಎರಡಕ್ಕೂ ಸಮನಾಗಿ ತಟ್ಟುವುದರಿಂದ ಕಾಣುವುದಿಲ್ಲ. ಹಳೆಯ ಸಾಮಾನ್ಯ ಬಿಳಿ ಎಲ್‌ಇಡಿ ಪರದೆಯ ಪಕ್ಕದಲ್ಲಿ ಹೊಸ ವಿಶಾಲ ವ್ಯಾಪ್ತಿಯ ಪರದೆಯನ್ನೊ ಓಎಲ್‌ಇಡಿಯನ್ನೊ ಇಟ್ಟಾಗ ಅದು ಬಯಲಾಗುತ್ತದೆ. ಎರಡರ ಬೆಳಕಿನ ರೋಹಿತ ಬೇರೆ ಬೇರೆ. ಒಂದರಲ್ಲಿ ಶಿಖರಗಳು ಅಗಲವಾಗಿದ್ದರೆ ಇನ್ನೊಂದರಲ್ಲಿ ಕಿರಿದು, ಚೂಪು. ಶಿಖರ ಚೂಪಾದಷ್ಟೂ ಒಬ್ಬರ ಕಣ್ಣಿಗೂ ಇನ್ನೊಬ್ಬರ ಕಣ್ಣಿಗೂ ಅಂತರ ಹೆಚ್ಚುತ್ತದೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗಿ ನೀಲಿಯನ್ನು ಹೆಚ್ಚು ತಡೆಯುತ್ತದೆ. ಹೀಗಾಗಿ ಅರವತ್ತರ ಮಾಲೀಕರೂ ಇಪ್ಪತ್ತೈದರ ಎಡಿಟರೂ ಒಂದೇ ಮೇಜಿನ ಮುಂದೆ ಕೂತು ಯಾವ ಬಿಳಿ ಸರಿ ಎಂದು ವಾದಿಸಿದರೆ ಇಬ್ಬರೂ ಕಂಡದ್ದನ್ನೇ ಹೇಳುತ್ತಿರುತ್ತಾರೆ.

ಪ್ರಸಾರ ಕ್ಷೇತ್ರದ ವೃತ್ತಿಪರರು ಇದನ್ನು ಬಹಿರಂಗವಾಗಿ ಒಪ್ಪಿಕೊಂಡ ಉದಾಹರಣೆಯೇ ಇದೆ. ಸೋನಿಯ ಓಎಲ್‌ಇಡಿ ಪ್ರಸಾರ ಮಾನಿಟರ್‌ಗಳನ್ನು ಹಳೆಯ ಸಿಆರ್‌ಟಿಯ ಪಕ್ಕದಲ್ಲಿಟ್ಟು ಒಂದೇ ಅಂಕಿಗೆ ಹೊಂದಿಸಿದರೂ ಬಿಳಿ ಬೇರೆ ಕಾಣುತ್ತಿತ್ತು. ಆಗ ಸೋನಿಯೇ ಜಡ್ ತಿದ್ದುಪಡಿಯ ಆಧಾರದಲ್ಲಿ ಬಿಳಿಯ ಗುರಿಯನ್ನು ಸುಮಾರು 0.307, 0.318ಕ್ಕೆ ಸರಿಸಲು ಸೂಚಿಸಿತು. ಕಣ್ಣಿಗೆ ಒಂದೇ ಕಾಣಬೇಕೆಂದು ಅಂಕಿಯನ್ನು ಬೇಕೆಂದೇ ಬೇರೆ ಮಾಡಿದ್ದು ಇದು. ಪ್ರಸಾರ ಕ್ಷೇತ್ರದ ದುಬಾರಿ ಪರದೆಗೆ ಸಲ್ಲುವ ಈ ನ್ಯಾಯ ಸಣ್ಣ ಸ್ಟುಡಿಯೊದ ಮೇಜಿಗೂ ಸಲ್ಲಬೇಕು.

ಆದರೆ ಕಣ್ಣಿಗೆ ಒಪ್ಪಿಸುವ ಮುನ್ನ ಮಾಪಕದ ಪಾಲಿನ ತಪ್ಪನ್ನು ಕಳೆಯಬೇಕು. ಕಲರಿಮೀಟರ್ ರೋಹಿತವನ್ನು ಕಾಣುವುದಿಲ್ಲ. ಕೆಲವೇ ಫಿಲ್ಟರ್‌ಗಳ ಮೂಲಕ ಬಂದ ಬೆಳಕನ್ನು ಅಳೆಯುತ್ತದೆ ಅಷ್ಟೆ. ಯಾವ ತರಹದ ಬ್ಯಾಕ್‌ಲೈಟ್ ಎಂದು ತಂತ್ರಾಂಶದಲ್ಲಿ ಆರಿಸದಿದ್ದರೆ ಎರಡು ಮಾನಿಟರ್‌ಗಳಲ್ಲಿ ಎರಡು ರೀತಿ ತಪ್ಪು ಓದುತ್ತದೆ. ಈ ಆಯ್ಕೆಯನ್ನು ಮೆನುವಿನ ಮೂಲೆಯಲ್ಲಿ ಅಡಗಿಸುವ ತಂತ್ರಾಂಶಗಳು ಬಳಕೆದಾರನಿಗೆ ಅನ್ಯಾಯ ಮಾಡುತ್ತವೆ. ಗ್ರೇಮ್ ಗಿಲ್ ಅವರ ಆರ್ಗಿಲ್‌ಸಿಎಮ್‌ಎಸ್ ಮತ್ತು ಅದನ್ನು ಎಲ್ಲರೂ ಬಳಸುವಂತೆ ಮಾಡಿದ ಫ್ಲೋರಿಯಾನ್ ಹೋಹ್ ಅವರ ಡಿಸ್‌ಪ್ಲೇಕ್ಯಾಲ್ ಬಗ್ಗೆ ನನಗಿರುವ ಗೌರವಕ್ಕೆ ಇದೂ ಒಂದು ಕಾರಣ. ಎರಡೂ ಉಚಿತ. ಬ್ಯಾಕ್‌ಲೈಟಿಗೆ ತಕ್ಕ ತಿದ್ದುಪಡಿಯ ಆಯ್ಕೆ ಎದುರಿಗೇ ಇದೆ. ಕಣ್ಣಿನಿಂದ ಬಿಳಿ ಹೊಂದಿಸುವ ಸಾಧನವನ್ನು ಡಿಸ್‌ಪ್ಲೇಕ್ಯಾಲ್ ಒಳಗೇ ಕೊಟ್ಟಿದೆ. ಕಲಿಯಲು ತಾಳ್ಮೆ ಬೇಕು, ಆಯ್ಕೆಗಳ ದಟ್ಟಣೆ ಹೊಸಬರನ್ನು ಗಾಬರಿಪಡಿಸುತ್ತದೆ. ಅಷ್ಟಾದರೂ ಬಳಕೆದಾರನನ್ನು ಬುದ್ಧಿವಂತನೆಂದು ನಂಬಿ ರಚಿಸಿದ ತಂತ್ರಾಂಶವಿದು.

ಕೆಲಸದ ಕ್ರಮದಲ್ಲಿ ಹೊಳಪು ಮೊದಲು. ಎರಡರಲ್ಲಿ ಮಂಕಾದದ್ದು ಎಷ್ಟು ಹೊಳಪು ಕೊಡಬಲ್ಲದೊ ಅಷ್ಟಕ್ಕೆ ಇನ್ನೊಂದನ್ನು ಇಳಿಸಬೇಕು. ಹೊಳಪು ಹೆಚ್ಚುಕಡಿಮೆಯಿದ್ದರೆ ಸಮನಾದ ಬಿಳಿಯೂ ಬೇರೆಯಾಗಿ ಕಾಣುತ್ತದೆ. ಅರ್ಧ ಗಂಟೆ ಪರದೆಗಳು ಬಿಸಿಯಾದ ಮೇಲೆ ಉತ್ತಮವಾದದ್ದನ್ನು ಡಿ65ಕ್ಕೆ ಕ್ಯಾಲಿಬ್ರೇಟ್ ಮಾಡಿ, ಎರಡರಲ್ಲೂ ಬರಿಯ ಬಿಳಿ ತುಂಬಿಸಿ, ದಿನವೂ ಬಣ್ಣ ತಿದ್ದುವವರೇ ಎದುರಿಗೆ ಕೂತು ಎರಡನೆಯದರ ಕೆಂಪು, ಹಸಿರು, ನೀಲಿ ಮಟ್ಟಗಳನ್ನು ಸರಿಸಬೇಕು. ನಡುನಡುವೆ ಕಣ್ಣನ್ನು ಬೇರೆಡೆ ಹೊರಳಿಸಬೇಕು. ಒಂದೇ ಬಿಳಿಯನ್ನು ದಿಟ್ಟಿಸುತ್ತಿದ್ದರೆ ಕಣ್ಣು ಅದಕ್ಕೆ ಒಗ್ಗಿಬಿಡುತ್ತದೆ. ಎರಡೂ ಒಂದೇ ಎನಿಸಿದ ಮೇಲೆ ಎರಡನೆಯ ಪರದೆಯ ಬಿಳಿಯನ್ನು ಮಾಪಕದಿಂದ ಅಳೆದು ಆ ಅಂಕಿಯನ್ನು ಬರೆದಿಟ್ಟುಕೊಂಡು, ಅದನ್ನೇ ಗುರಿಯಾಗಿಸಿ ಕ್ಯಾಲಿಬ್ರೇಟ್ ಮಾಡಬೇಕು. ಮುಂದಿನ ತಿಂಗಳು ಮತ್ತೆ ಕ್ಯಾಲಿಬ್ರೇಟ್ ಮಾಡುವಾಗ ಕಣ್ಣಿಗೆ ಶ್ರಮವಿಲ್ಲ.

ಇನ್ನೊಂದು ಆಕ್ಷೇಪ, ತಂತ್ರಾಂಶ ಕೊನೆಗೆ ಕೊಡುವ ವರದಿಯ ಬಗ್ಗೆ. ಡೆಲ್ಟಾ ಇ ಎಂಬ ಬಣ್ಣದ ಅಂತರದ ಅಳತೆ 1ಕ್ಕಿಂತ ಕಡಿಮೆ ಬಂದರೆ ಹಸಿರು ಗುರುತು ಬೀಳುತ್ತದೆ, ನಾವು ನಿಶ್ಚಿಂತರಾಗುತ್ತೇವೆ. ಯಾವ ಮಾಪಕ, ಯಾವ ತಿದ್ದುಪಡಿಯಿಂದ ಪ್ರೊಫೈಲ್ ಮಾಡಿದೆವೊ ಅದರಿಂದಲೇ ಪರೀಕ್ಷಿಸಿದರೆ ಮಾಪಕದ ತಪ್ಪು ಎರಡು ಕಡೆಯೂ ಸಮನಾಗಿ ಅಡಗಿರುತ್ತದೆ. ಆ ವರದಿ ಹೇಳುವುದು ಪರದೆ ತನ್ನ ಪ್ರೊಫೈಲಿಗೆ ನಿಷ್ಠವಾಗಿದೆ ಎಂದಷ್ಟೇ. ಎರಡು ಪರದೆ ಒಂದಕ್ಕೊಂದು ಹೊಂದಿವೆಯೇ ಎಂಬ ಪ್ರಶ್ನೆಯನ್ನು ಅದು ಮುಟ್ಟುವುದೇ ಇಲ್ಲ.

ಹೊಂದಿಸಿದ್ದನ್ನು ಉಳಿಸಿಕೊಳ್ಳುವುದು ಬೇಸರದ ಕೆಲಸ, ಆದರೆ ಬಿಡುವಂತಿಲ್ಲ. ಮಾನಿಟರಿನ ಸ್ವಯಂಚಾಲಿತ ಹೊಳಪು, ಡೈನಾಮಿಕ್ ಕಾಂಟ್ರಾಸ್ಟ್, ವಿದ್ಯುತ್ ಉಳಿತಾಯ, ವಿಂಡೋಸ್‌ನ ನೈಟ್ ಲೈಟ್, ಆಪಲ್‌ನ ಟ್ರೂ ಟೋನ್ ಎಲ್ಲವನ್ನೂ ಆಫ್ ಮಾಡಿಡಬೇಕು. ಗ್ರಾಫಿಕ್ಸ್ ಡ್ರೈವರ್ ಬದಲಾದಾಗ ಕಾರ್ಡಿನಲ್ಲಿದ್ದ ತಿದ್ದುಪಡಿ ಅಳಿಸಿಹೋಗಬಹುದು. ಎಚ್‌ಡಿಎಮ್‌ಐ ಕೇಬಲ್ ಹಾಕಿದಾಗ ಸಂಕೇತ ಪೂರ್ಣ ವ್ಯಾಪ್ತಿಯ ಬದಲು ಟಿವಿಯ 16ರಿಂದ 235ರ ವ್ಯಾಪ್ತಿಗೆ ಇಳಿದರೆ ಕಪ್ಪು ಬೂದಿಬಣ್ಣಕ್ಕೆ ತಿರುಗುತ್ತದೆ. ಅದನ್ನು ಕ್ಯಾಲಿಬ್ರೇಶನ್‌ನಿಂದ ಮುಚ್ಚಲು ಹೋಗಬಾರದು, ಸೆಟ್ಟಿಂಗ್‌ನಲ್ಲೇ ಸರಿಪಡಿಸಬೇಕು. ಕಿಟಕಿಯ ಬಿಸಿಲು ಬೆಳಗ್ಗೆ ಒಂದು ಪರದೆಗೆ, ಸಂಜೆ ಇನ್ನೊಂದಕ್ಕೆ ಬೀಳುವ ಕೋಣೆಯಲ್ಲಿ ಎಂಥ ಕ್ಯಾಲಿಬ್ರೇಶನ್‌ಗಿಂತಲೂ ಕಿಟಕಿಗೆ ಹಾಕಿದ ದಪ್ಪ ಬಟ್ಟೆಯೇ ಹೆಚ್ಚು ಕೆಲಸ ಮಾಡುತ್ತದೆ.

ವರ್ಷಗಳು ಕಳೆದಂತೆ ಬ್ಯಾಕ್‌ಲೈಟ್ ಮಂಕಾಗಿ ಹಳದಿಗೆ ವಾಲುತ್ತದೆ. ಅದನ್ನು ಮತ್ತೆ ಬಿಳಿ ಮಾಡಲು ಕೆಂಪು, ಹಸಿರುಗಳನ್ನು ತಗ್ಗಿಸಿದಷ್ಟೂ ಹೊಳಪು ಇನ್ನೂ ಕುಗ್ಗುತ್ತದೆ. 8 ಬಿಟ್‌ನ ಕಾರ್ಡಿನಲ್ಲಿ ಆಕಾಶದ ಮೃದು ನೀಲಿ ಪಟ್ಟಿಪಟ್ಟಿಯಾಗಿ ಒಡೆಯುತ್ತದೆ. ಹಳೆಯ ಪರದೆ 80 ಕ್ಯಾಂಡೆಲಾ ಮುಟ್ಟದ ದಿನ ಹೊಸದನ್ನೂ ಅದರ ಮಟ್ಟಕ್ಕೆ ಎಳೆಯುವುದನ್ನು ನಿಲ್ಲಿಸಬೇಕು. ಹಳೆಯದಕ್ಕೆ ಫೋಲ್ಡರು, ಟೂಲ್‌ಬಾರ್‌ಗಳನ್ನು ವಹಿಸಿ, ಬಣ್ಣದ ತೀರ್ಮಾನವನ್ನು ಹೊಸದೊಂದಕ್ಕೇ ಬಿಡುವುದು ಸರಿ.